ಕೈ ಹಿಡಿದು ಎದ್ದವರು

“ಮನಸ್ಸು ಗಟ್ಟಿ ಮಾಡಿದರೆ ಕುಡಿತ ಬಿಡುವುದೇನು ಮಹಾ!” ಎಂದು ಬಸವನಗುಡಿಯ ಜಗಲಿಯ ಮೇಲೆ ಕುಳಿತು ಹೇಳುವುದು ಸುಲಭ. ಹಾಗಾದರೆ ಇನ್ನೊಬ್ಬರ ಕೈ ಹಿಡಿದು ಎದ್ದವನು ದುರ್ಬಲನೆ?

1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣಕ್ಕೆ ಹೋಗಿದ್ದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಮತ್ತೆ ಕುಡಿದೇನೆಂಬ ಭಯದಿಂದ, ತಮ್ಮಂತೆಯೇ ಕುಡಿತಕ್ಕೆ ಸಿಕ್ಕ ಇನ್ನೊಬ್ಬರನ್ನು ಹುಡುಕಿ ಡಾಕ್ಟರ್ ಬಾಬ್ ಸ್ಮಿತ್ತರನ್ನು ಕಂಡರು. ಎತ್ತಹೋದವರಿಗೂ ಆ ಕೈಯೇ ಆಸರೆಯಾಯಿತು. ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಹುಟ್ಟಿತು. ಇದರಲ್ಲಿ ದುರ್ಬಲರಾರು? ಅದರ ಕೂಟಗಳು ಈಗ ಬೆಂಗಳೂರಿನಲ್ಲೂ ಉಂಟು. ನಿಮ್ಹಾನ್ಸಿನಲ್ಲಿ ಚಿಕಿತ್ಸೆಯೂ ಉಂಟು.

ಮನೆಯವರ ಪಾಲಿನದು ಇನ್ನೂ ಕಷ್ಟ. ಕುಡಿದು ಮಲಗಿದ ಗಂಡನಿಗೆ “ಜ್ವರ” ಎಂದು ಆಫೀಸಿಗೆ ತಿಳಿಸುವ ಪ್ರೀತಿ ರೋಗವನ್ನೇ ಸಾಕುತ್ತದೆ. ಆಸರೆಯೆಂದರೆ, ಆ ಸುಳ್ಳನ್ನು ನಿಲ್ಲಿಸಿ, ಕೂಟದಿಂದ ಹಿಂದಿರುಗುವವನಿಗಾಗಿ ಎಲೆ ಹಾಕಿ ಕಾಯುವುದು.