ಪ್ರಯತ್ನಕ್ಕೆ ತಕ್ಕ ಫಲ ಬಾರದಿದ್ದಾಗ

ಠಾಣೆಯ ಮಾಸುಂದಾ ತಲಾವಿನ ಸುತ್ತ, ವಾಶಿಯ ಸಾಗರ ವಿಹಾರದಲ್ಲಿ ಪ್ರಾತಃಕಾಲ ನಡೆಯುವವರಲ್ಲಿ ನಮ್ಮವರೂ ಇದ್ದಾರೆ. ಕರಿದ ತಿಂಡಿ ಬಿಟ್ಟು, ಮಿತವಾಗಿ ಉಂಡು, ನಿತ್ಯವೂ ನಡೆದರೂ ಹೊಟ್ಟೆಯ ಬೊಜ್ಜು ಕರಗದೆಂಬುದು ಹಲವರ ಕೊರಗು. ನೋಡುವವರೋ ಅವರನ್ನು ಸೋಮಾರಿಗಳೆಂದೂ ಜಿಹ್ವಾಚಪಲರೆಂದೂ ತೀರ್ಮಾನಿಸಿಬಿಡುತ್ತಾರೆ. ದೇಹದ ಆಕಾರವನ್ನು ಕಂಡು ಶೀಲವನ್ನು ಅಳೆಯುವುದು ನ್ಯಾಯವೇ?

ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಜಾನ್ ಯುಡ್ಕಿನ್ನರೂ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮನ್ನೇ ನಿದರ್ಶನವಾಗಿ ಮುಂದಿಟ್ಟರು. ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ ಇಬ್ಬರದೂ 22.3, ಕೊಬ್ಬಿನ ಅಂಶವಾದರೋ ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ಪುಣೆಯ ಸುತ್ತಲ ಹಳ್ಳಿಗಳ ನವಜಾತ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಹಗುರವಾಗಿದ್ದರೂ ಮೈಕೊಬ್ಬಿನಲ್ಲಿ ಅಷ್ಟು ಹಿಂದುಳಿದಿರಲಿಲ್ಲವೆಂದೂ ಯಾಜ್ಞಿಕರ ತಂಡವು ಕಂಡುಕೊಂಡಿತು. ಹುಟ್ಟಿನೊಡನೆ ಬಂದುದಕ್ಕೆ ಯಾರನ್ನು ದೂಷಿಸೋಣ?

ಹಾಗೆಂದು ಪ್ರಯತ್ನವನ್ನು ಬಿಡಲಾಗದು. ತೂಕ ಇಳಿಯದಿದ್ದರೂ ನಿತ್ಯದ ನಡಿಗೆಯು ರಕ್ತದ ಸಕ್ಕರೆಯನ್ನೂ ಒತ್ತಡವನ್ನೂ ಹತೋಟಿಯಲ್ಲಿಡಲು ನೆರವಾಗುತ್ತದೆ. ಅದು ತೂಕದ ಯಂತ್ರ ತೋರಿಸದ ಫಲ. ಡೊಂಬಿವಲಿ, ಕಲ್ಯಾಣಗಳಿಂದ ನಸುಕಿನಲ್ಲೇ ಲೋಕಲ್ ಗಾಡಿ ಹಿಡಿಯುವವರು ನಿದ್ರೆಯತ್ತಲೂ ಗಮನ ಹರಿಸಬೇಕು. ನಿದ್ರೆ ಕುಂದಿದರೆ ಹಸಿವು ಹೆಚ್ಚುತ್ತದೆ. ಗೀತೆಯ 6ನೆಯ ಅಧ್ಯಾಯವು ಆಹಾರದೊಡನೆ ನಿದ್ರೆಯಲ್ಲಿಯೂ ಮಿತವನ್ನು ವಿಧಿಸಿರುವುದು ಇಲ್ಲಿ ಸ್ಮರಣೀಯ.

ನಿಯಮವನ್ನು ಪಾಲಿಸುವುದು ನಮ್ಮ ಅಧೀನ. ಫಲದ ಪ್ರಮಾಣವು ನಮ್ಮ ಅಧೀನವಲ್ಲ. ಆದ್ದರಿಂದ ಸೊಂಟದ ಅಳತೆ ನೋಡಿ ಇತರರನ್ನು ಹಳಿಯದಿರೋಣ. ನಿಯಮ ತಪ್ಪದಿದ್ದಲ್ಲಿ ನಮ್ಮನ್ನು ನಾವೂ ಹಳಿದುಕೊಳ್ಳದಿರೋಣ.