ಬಳಲಿಕೆಯೂ ಭೋಜನದ ಅಧಿಕಾರವೂ

ಶ್ರಮಪಟ್ಟವನಿಗೆ ಅನ್ನವು ಹೆಚ್ಚಾಗಿ ರುಚಿಸುವುದೆಂಬುದು ಸರ್ವರ ಅನುಭವಕ್ಕೂ ಬಂದಿರುವ ಮಾತು. ಆದರೆ ರುಚಿಸುವುದು ಬೇರೆ, ಸಲ್ಲುವುದು ಬೇರೆ. ಬಳಲಿಕೆಯು ಆಹಾರಕ್ಕೆ ರುಚಿಯನ್ನು ಕೊಡುವಂತೆ ಉಣ್ಣುವವನಿಗೆ ಅಧಿಕಾರವನ್ನೂ ಕೊಡುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಇದಕ್ಕೆ ಜಪಾನ್ ದೇಶದ ಕುಮಾನೊ ಪ್ರಾಂತದ ಯಾತ್ರಾಮಾರ್ಗವು ತಕ್ಕ ನಿದರ್ಶನವಾಗಿದೆ.

ಕಿಯಿ ಪರ್ಯಾಯದ್ವೀಪದ ಕಾಡುಬೆಟ್ಟಗಳ ನಡುವೆ ಹಾಯುವ ಈ ಪುರಾತನ ಕಾಲುದಾರಿಗಳು ೨೦೦೪ರಲ್ಲಿ ವಿಶ್ವ ಪರಂಪರೆಯ ತಾಣಗಳಲ್ಲಿ ಪರಿಗಣಿತವಾದವು. ಇವುಗಳಲ್ಲಿ ಕೊಗುಚಿ ಎಂಬ ಹಳ್ಳಿಯಿಂದ ನಾಚಿ ಕ್ಷೇತ್ರಕ್ಕೆ ಹೋಗುವ ಒಗುಮೊತೊರಿ ಘಟ್ಟವು ಅತ್ಯಂತ ಕಠಿನವಾದುದು. ದಾರಿಯ ಉದ್ದ ಸುಮಾರು ೧೪ ಕಿಲೋಮೀಟರು. ನೆತ್ತಿಯ ಎತ್ತರ ಸುಮಾರು ೮೭೦ ಮೀಟರು. ಅಲ್ಲಿಯ ಒಂದು ಏರಿಗೆ 'ಮೈ ಕಡಿಯುವ ಏರು' ಎಂಬ ಅರ್ಥದ ಹೆಸರೇ ಉಂಟು. ೧೨೦೧ರಲ್ಲಿ ನಿವೃತ್ತ ಚಕ್ರವರ್ತಿ ಗೊತೊಬನ ಪರಿವಾರದೊಡನೆ ಬಂದ ಕವಿ ಫುಜಿವಾರ ನೊ ತೇಯಿಕನು ಈ ಘಟ್ಟದಲ್ಲಿ ಪಟ್ಟ ಪಾಡನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿರುವನು. ಘಟ್ಟವನ್ನಿಳಿದವನಿಗೆ ೧೩೩ ಮೀಟರು ಎತ್ತರದಿಂದ ಧುಮುಕುವ ನಾಚಿ ಜಲಪಾತದ ದರ್ಶನವಾಗುವುದು. ಅಲ್ಲಿಂದ ಕೆಲವೇ ಮೈಲಿಗಳಾಚೆ, ಸಮುದ್ರತೀರದಲ್ಲಿ, ಕತ್ಸುಉರ ಎಂಬ ಮೀನುಗಾರರ ಬಂದರು.

ಕತ್ಸುಉರವು ಟ್ಯೂನಾ ಮೀನಿಗೆ ಹೆಸರಾದ ಊರು. ಹಿಮಗಟ್ಟಿಸದೆ ತಂದ ಮೀನಿನ ತೆಳುವಾದ ಹೋಳುಗಳು, ಬಿಸಿ ಅನ್ನ, ಸೋಯಾ ರಸ, ವಸಾಬಿ ಎಂಬ ಘಾಟು ಗೆಡ್ಡೆಯನ್ನು ತೇಯ್ದ ಅರೆಪು, ಇಷ್ಟೇ ಅಲ್ಲಿಯ ಊಟ. ದಿನವಿಡೀ ನಡೆದು ಕಾಲು ಸೋತವನಿಗೆ ಅದು ಅಮೃತಪ್ರಾಯವಾಗಿ ತೋರುವುದರಲ್ಲಿ ಆಶ್ಚರ್ಯವಿಲ್ಲ. ಆಗ ಅವನ ಮನಸ್ಸಿನಲ್ಲಿ, 'ಇದು ನಾನು ದುಡಿದು ಪಡೆದದ್ದು' ಎಂಬ ಭಾವವೂ ಏಳುವುದುಂಟು.

ಈ ಭಾವವನ್ನು ಪರೀಕ್ಷಿಸಿದರೆ ಅದು ನಿಲ್ಲುವಂತಿಲ್ಲ. ಪಥಿಕನು ಬೆಟ್ಟವನ್ನು ಹತ್ತಿದನೇ ಹೊರತು ಮೀನನ್ನು ಹಿಡಿಯಲಿಲ್ಲ. ಹಿಡಿದವರು, ಬಹುದೂರ ಚಾಚಿದ ಹುರಿಗೆ ಅಂತರಂತರವಾಗಿ ಗಾಳಗಳನ್ನು ಕಟ್ಟಿ ಹಲವು ದಿನ ಕಡಲಿನಲ್ಲಿ ಕಳೆದ ನಾವಿಕರು. ಅವನ ಶ್ರಮವು ತಾನಾಗಿ ಬಯಸಿದ ವಿನೋದ, ಅವರದು ಜೀವನೋಪಾಯ. ಮೀನಾದರೋ ತನ್ನ ಪ್ರಾಣವನ್ನೇ ತೆತ್ತಿತು. ಅಲ್ಲದೆ, ಬಳಲಿಕೆಯೇ ಅಧಿಕಾರಕ್ಕೆ ಕಾರಣವಾಗುವುದಾದರೆ, ನಾಚಿಗೆ ವಾಹನದಲ್ಲಿ ಬಂದು ಪಕ್ಕದಲ್ಲಿ ಕುಳಿತ ವೃದ್ಧನಿಗೆ ಆ ಊಟವು ಸಲ್ಲಬಾರದು. ಹಾಗೆಂದು ಯಾವ ವಿವೇಕಿಯೂ ಹೇಳಲಾರನು. ಆದುದರಿಂದ ಹಸಿವು ಮಾತ್ರ ಪಥಿಕನದು. ಊಟವು ಪರರಿಂದ ಬಂದದ್ದು.

ಹಾಗಾದರೆ ಭೋಗವನ್ನೇ ತ್ಯಜಿಸುವುದು ಲೇಸಲ್ಲವೇ ಎಂದು ಕೆಲವರು ಕೇಳಬಹುದು. ಪೂರ್ವಕಾಲದಲ್ಲಿ ಕುಮಾನೊ ಯಾತ್ರಿಕರು ಮೀನು ಮಾಂಸಗಳನ್ನು ಬಿಟ್ಟು ವ್ರತಸ್ಥರಾಗಿ ನಡೆಯುತ್ತಿದ್ದರೆಂಬುದು ನಿಜ. ಆದರೆ ವ್ರತವು ಮುಗಿದ ಮೇಲೆ ಎಂದಿನ ಆಹಾರಕ್ಕೆ ಮರಳುವ ಸಂಪ್ರದಾಯವೂ ಆ ದೇಶದಲ್ಲಿ ಉಂಟು. ಅದಕ್ಕೆ 'ಶೋಜಿನ್ ಒತೊಶಿ' ಎಂದು ಹೆಸರು. ಸಂಯಮವು ಭೋಗದ ಶತ್ರುವಲ್ಲ, ಅದರ ಎಲ್ಲೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಎಲ್ಲೆಯನ್ನು ಮೀರಿದರೆ ಭೋಗ್ಯವಸ್ತುವೇ ನಶಿಸುವುದು. ಪೆಸಿಫಿಕ್ ಸಾಗರದ ನೀಲಿ ರೆಕ್ಕೆಯ ಟ್ಯೂನಾ ಸಂತತಿಯು ೨೦೧೦ರ ಸುಮಾರಿಗೆ, ಮನುಷ್ಯನು ಹಿಡಿಯದೆ ಬಿಟ್ಟಿದ್ದರೆ ಇರಬಹುದಾಗಿದ್ದ ಪ್ರಮಾಣದ ನೂರರಲ್ಲಿ ಸುಮಾರು ೨ ಭಾಗಕ್ಕೆ ಇಳಿದಿದ್ದಿತು. ಬಳಿಕ ರಾಷ್ಟ್ರಗಳು ಕೂಡಿ ಹಿಡಿಯುವುದಕ್ಕೆ ಮಿತಿಯನ್ನು ವಿಧಿಸಿದವು. ವಿಶೇಷವಾಗಿ ಮರಿಮೀನುಗಳನ್ನು ಉಳಿಸುವಂತೆ ಕಟ್ಟುಮಾಡಿದವು. ೨೦೨೪ರ ಗಣನೆಯ ವೇಳೆಗೆ ಆ ಸಂತತಿಯು ನೂರಕ್ಕೆ ೨೦ನ್ನು ಮೀರಿ ಚೇತರಿಸಿಕೊಂಡಿತು. ಕೆಲವರು ಕೈಯನ್ನು ಹಿಂದೆಗೆದುಕೊಂಡುದರಿಂದಲೇ ಇಂದು ಇತರರ ತಟ್ಟೆಯಲ್ಲಿ ಆ ಮೀನು ಉಳಿದಿದೆ.

ಜಪಾನೀಯರು ಉಣ್ಣುವ ಮುನ್ನ 'ಇತದಕಿಮಸು' ಎನ್ನುವರು. ವಿನಯದಿಂದ ಸ್ವೀಕರಿಸುತ್ತೇನೆ ಎಂಬುದು ಅದರ ಭಾವ. ಗಳಿಸಿದ್ದೇನೆ ಎಂಬ ಅರ್ಥವು ಅದರಲ್ಲಿಲ್ಲ. ಸ್ವೀಕರಿಸಿದವನು ಋಣಿ, ಋಣಿಯಾದವನು ಹಸಿವಿಗೆ ಬೇಕಾದಷ್ಟನ್ನೇ ಬಡಿಸಿಕೊಂಡು, ಬಡಿಸಿಕೊಂಡದ್ದನ್ನು ಚೆಲ್ಲದೆ ಉಣ್ಣತಕ್ಕದ್ದು. ಅಂಥವನು ಸಂತೋಷದಿಂದ ಉಂಡರೆ ಅದರಲ್ಲಿ ದೋಷವೇನೂ ಇಲ್ಲ. ಪ್ರಾಣವನ್ನು ತೆತ್ತು ಬಂದ ಆಹಾರವನ್ನು ಅನಾದರದಿಂದ ಉಣ್ಣುವುದೇ ದೋಷ. ಘಟ್ಟವನ್ನು ಹತ್ತಿ ಬಂದವನಿಗೆ ಬಳಲಿಕೆಯು ರುಚಿಯನ್ನು ಕೊಟ್ಟಿತು. ಆ ರುಚಿಗೆ ಯೋಗ್ಯನಾಗುವುದನ್ನು ಅವನು ತಟ್ಟೆಯ ಮುಂದೆ ಕುಳಿತೇ ಕಲಿಯಬೇಕು.