ಅನಿಷ್ಟತ್ಯಾಗ: ಬಿಳುಪಿನ ಮೋಹವೂ ಕರುಳಿನ ಉರಿಯೂ

ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತದ ಮುನ್ನ ಉಣ್ಣುವುದು, ಕಂದಮೂಲಗಳನ್ನು ವರ್ಜಿಸುವುದು ಶ್ರಾವಕರ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ಆಚಾರ. ಆದರೆ ಅಂಗಡಿಯಿಂದ ತಂದ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಕಂಡೊಡನೆ ಈ ವಿವೇಕವು ವಿಶ್ರಮಿಸಿಬಿಡುತ್ತದೆ. ಪದಾರ್ಥವು ಸಸ್ಯಾಹಾರವೆಂದಷ್ಟೇ ಆ ಚುಕ್ಕೆ ಹೇಳುತ್ತದೆ. ಅದು ವ್ರತಿಕನಿಗೆ ಭಕ್ಷ್ಯವೇ ಎಂಬುದನ್ನು ಹೇಳಲಾರದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ನಿರೂಪಿಸುವಾಗ, ಜೀವಘಾತದ ಪದಾರ್ಥಗಳನ್ನು ಹೇಳಿದ ಬಳಿಕ 'ಅನಿಷ್ಟ'ವನ್ನೂ ತ್ಯಜಿಸಬೇಕೆಂದು ವಿಧಿಸಿದ್ದಾರೆ. ಹಿಂಸಾದೋಷವಿಲ್ಲದಿದ್ದರೂ ದೇಹಪ್ರಕೃತಿಗೆ ಅಹಿತವಾದುದೇ ಅನಿಷ್ಟ.

ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಯ ಪುಡಿಯನ್ನು ಈ ದೃಷ್ಟಿಯಿಂದ ವಿಚಾರಿಸಬೇಕು. ಇದು ಖನಿಜದಿಂದ ಬಂದುದು. ಗೋಡೆಯ ಬಣ್ಣಗಳಲ್ಲಿಯೂ ಇದೇ ಬಿಳುಪು. ಮಿಠಾಯಿಯ ಹೊದಿಕೆ, ಚ್ಯೂಯಿಂಗ್ ಗಮ್, ಕೇಕಿನ ಲೇಪ, ಔಷಧದ ಮಾತ್ರೆಗಳಲ್ಲಿ ಇದನ್ನು ಬಳಸುತ್ತ ಬಂದಿದ್ದಾರೆ. ಇದರಿಂದ ನಾಲಗೆಗೆ ರುಚಿಯಿಲ್ಲ, ಶರೀರಕ್ಕೆ ಪುಷ್ಟಿಯಿಲ್ಲ. ಕಣ್ಣನ್ನು ಮೆಚ್ಚಿಸುವುದೊಂದೇ ಇದರ ಕೆಲಸ.

ಇದರ ಕಣಗಳಲ್ಲಿ ಒಂದು ಪಾಲು ಮಿಲಿಮೀಟರಿನ 10,000ದಲ್ಲೊಂದು ಭಾಗಕ್ಕಿಂತಲೂ ಸೂಕ್ಷ್ಮ. 2017ರಲ್ಲಿ ಜ್ಯೂರಿಚ್‌ನ ವೈದ್ಯವಿಜ್ಞಾನಿಗಳು ಪ್ರಕಟಿಸಿದ ಸಂಶೋಧನೆಯಂತೆ, ಕರುಳಿನ ಒಳಪದರದ ಕೋಶಗಳು ಈ ಕಣಗಳನ್ನು ಒಳಗೆಳೆದುಕೊಂಡಾಗ ಉರಿಯೂತವನ್ನು ಹುಟ್ಟಿಸುವ ವ್ಯವಸ್ಥೆ ಕೆರಳುತ್ತದೆ. ಮೊದಲೇ ಕರುಳು ಉರಿಗೊಂಡಿದ್ದ ಇಲಿಗಳಲ್ಲಿ ರೋಗವು ಉಲ್ಬಣಿಸಿತು. ಮೂಕಜೀವಿಗಳ ನೋವಿನಿಂದ ಬಂದ ಈ ಅರಿವಿನ ಮಾರ್ಗವನ್ನು ಅಹಿಂಸಾಧರ್ಮವು ಅನುಮೋದಿಸದು. ಆದರೆ ಕಿವಿಗೆ ಬಿದ್ದ ಎಚ್ಚರಿಕೆಯನ್ನು ಅಲಕ್ಷಿಸುವುದು ಪ್ರಮಾದ.

ಫ್ರಾನ್ಸ್ ದೇಶವು 2020ರಿಂದ ಆಹಾರದಲ್ಲಿ ಇದರ ಬಳಕೆಯನ್ನು ತಡೆಯಿತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2021ರಲ್ಲಿ ಇದನ್ನು ಸುರಕ್ಷಿತವೆಂದು ಇನ್ನು ಪರಿಗಣಿಸಲಾಗದೆಂದಿತು. 2022ರಲ್ಲಿ ಯುರೋಪಿನ ಒಕ್ಕೂಟವೇ ಆಹಾರದಲ್ಲಿ ಇದನ್ನು ನಿಷೇಧಿಸಿತು. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞಸಮಿತಿಯು ಮಾತ್ರ 2023ರಲ್ಲಿ, ಇದಕ್ಕೆ ಇಂತಿಷ್ಟೇ ಎಂಬ ಮಿತಿ ಅನಗತ್ಯವೆಂಬ ಹಿಂದಿನ ಅಭಿಪ್ರಾಯವನ್ನೇ ಉಳಿಸಿಕೊಂಡಿತು. ತಜ್ಞರಲ್ಲಿ ಏಕಮತವಿಲ್ಲ ಎಂಬುದೇ ಸತ್ಯ.

ಸಂಶಯವಿರುವಲ್ಲಿ ಶ್ರಾವಕನ ಮಾರ್ಗವು ಹೊಸತೇನಲ್ಲ. ಅಜ್ಞಾತಫಲವನ್ನು ಅಭಕ್ಷ್ಯವೆಂದು ಹಿರಿಯರು ಬಿಟ್ಟರು. ಹೆಸರರಿಯದ ಹಣ್ಣನ್ನು ಮುಟ್ಟದ ಕುಲದವರು ಹೆಸರರಿಯದ ಪುಡಿಯನ್ನು ಮಕ್ಕಳ ಕೈಗೆ ಕೊಡುವುದು ಯುಕ್ತವೇ? ಉಪವಾಸದ ಪಾರಣೆಯಲ್ಲಿ, ಬರಿದಾದ ಹೊಟ್ಟೆಗೆ ಇಂತಹುದನ್ನು ಇಳಿಸುವುದು ಯುಕ್ತವೇ?

ದೇಹವು ವ್ರತಸಾಧನೆಯ ಉಪಕರಣ. ಕರುಳಿನ ಉರಿಯಿಂದ ಬಳಲುವವರಿಗೆ ಏಕಾಶನವೂ ದುಸ್ಸಾಧ್ಯವಾಗಬಹುದು. ವೇದನೆಯಲ್ಲಿ ಸಾಮಾಯಿಕಕ್ಕೆ ಕುಳಿತ ಮನಸ್ಸು ಆರ್ತಧ್ಯಾನಕ್ಕೆ ಜಾರುತ್ತದೆ. ರೋಗಕ್ಕೆ ಕಾರಣಗಳು ಹಲವು, ಅಸಾತಾ ವೇದನೀಯದ ಉದಯವೂ ಉಂಟು. ಆದರೆ ಕೈಯಾರೆ ನಿಮಿತ್ತವನ್ನು ಕೂಡಿಸಿಕೊಳ್ಳುವುದು ವಿವೇಕವಲ್ಲ.

ಆದುದರಿಂದ ಶ್ರಾವಿಕೆಯರು ಧಾನ್ಯವನ್ನು ಶೋಧಿಸುವಂತೆ ಪೊಟ್ಟಣದ ಬರಹವನ್ನೂ ಶೋಧಿಸಲಿ. ಈ ಪುಡಿಯ ಹೆಸರಾಗಲಿ, 171 ಎಂಬ ಅದರ ಸಂಖ್ಯೆಯಾಗಲಿ ಕಂಡರೆ ಅದನ್ನು ಬಿಡಲಿ. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬಾರದು. ಮೊದಲು ದಶಲಕ್ಷಣ ಪರ್ವದ 10 ದಿನಗಳಿಗೆ ನಿಯಮವಾಗಿ ಸ್ವೀಕರಿಸಿದ ತ್ಯಾಗವು ಮುಂದೆ ಯಮವಾಗಿ ಜೀವನಪರ್ಯಂತ ನಿಲ್ಲಬಹುದು. ಇಲ್ಲಿ ಬಿಡಬೇಕಾದುದು ರುಚಿಯನ್ನೂ ಅಲ್ಲ, ಹಸಿವಿನ ಅನ್ನವನ್ನೂ ಅಲ್ಲ. ಬರಿಯ ಬಿಳುಪಿನ ಮೋಹವನ್ನು. ಇಷ್ಟು ಸುಲಭದ ತ್ಯಾಗವನ್ನು ಮಾಡಲಾರದವನು ದೊಡ್ಡ ತ್ಯಾಗಗಳಿಗೆ ಹೇಗೆ ಸಿದ್ಧನಾದಾನು?